ಕಾರಿನ ಕೋಣೆಯೂ ಅತ್ತೆಯ ಮಂಡಿಯೂ

ಔಷಧಿ ಅಂಗಡಿಯವನಿಗೆ ಮಮಕಾರ ಇರಬಾರದು. ಅವಧಿ ಮುಗಿದ ಮಾತ್ರೆಯನ್ನು ನಾನು ಒಂದು ದಿನವೂ ಕಪಾಟಿನಲ್ಲಿ ಉಳಿಸುವುದಿಲ್ಲ. ಸೀಲು ಒಡೆಯದ ಡಬ್ಬಿಯೇ ಆಗಿದ್ದರೂ ಹಿಂದೆಮುಂದೆ ನೋಡದೆ ತೆಗೆದು ಬದಿಗಿಡುತ್ತೇನೆ. ಕೊಡ್ಲಿಪೇಟೆಯಲ್ಲಿ ಈ ವಿಷಯಕ್ಕೆ ನನಗೆ ಸ್ವಲ್ಪ ಹೆಸರೂ ಇದೆ. ಆದರೆ ಸಂಜೆ ಷಟರ್ ಎಳೆದು ಮನೆಗೆ ಬಂದರೆ ನಾನು ಬೇರೆಯೇ ಮನುಷ್ಯ. ನಮ್ಮ ಜಗಲಿಯ ಪಕ್ಕದ ಕೋಣೆಯಲ್ಲಿ, ಅವಧಿ ಮುಗಿದು ಎಷ್ಟೋ ಕಾಲವಾದ ಒಂದು ಇಡೀ ಕಾರು ಬಿಡಿಬಿಡಿಯಾಗಿ ಮಲಗಿತ್ತು. ಅದರ ಒಂದು ನಟ್ಟನ್ನು ಹೊರಹಾಕುವ ಧೈರ್ಯವೂ ನನಗಿರಲಿಲ್ಲ.

ಅಪ್ಪ ಕೊಂಡ ಅಂಬಾಸಿಡರ್ ಅದು. ಅಪ್ಪ ಹೋದ ಮೇಲೆ ಅದನ್ನು ರಿಪೇರಿ ಮಾಡಿಸಿ ಓಡಿಸುವ ಹುಚ್ಚು ನನಗೆ ಹಿಡಿದು, ಮೆಕ್ಯಾನಿಕ್ ಹನೀಫನಿಗೆ ಒಪ್ಪಿಸಿದೆ. ಹನೀಫ ಒಳ್ಳೆಯ ಕೆಲಸಗಾರ. ಅವನದು ಒಂದೇ ಕೆಟ್ಟ ಅಭ್ಯಾಸ. ಹೊಸದನ್ನು ಹಾಕಿದಾಗಲೆಲ್ಲ ಹಳೆಯದನ್ನು ಪೇಪರಿನಲ್ಲಿ ಸುತ್ತಿ, ಹೆರಿಗೆ ವಾರ್ಡಿನ ಆಯಾ ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟು, “ಒರಿಜಿನಲ್ ಸಾರ್, ಇಟ್ಕೊಳ್ಳಿ. ಮುಂದೆ ಬೇಕೂಂದ್ರೆ ಸಿಗಲ್ಲ” ಎನ್ನುತ್ತಿದ್ದ. ಮುಂದೆ ಸಿಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ನಾನು ಸೋತ ಹಾಗೆಯೇ. ಹೀಗೆ ಕಾರ್ಬೊರೇಟರ್ ಬಂತು, ಡೈನಮೊ ಬಂತು, ಸ್ಟೇರಿಂಗ್ ಬಂತು, ಮುಂದಿನ ಉದ್ದನೆಯ ಸೀಟೂ ಬಂತು. ಅದರ ಜಾಗಕ್ಕೆ ನಾನು ಎರಡು ಬಿಡಿ ಸೀಟು ಹಾಕಿಸಿದ್ದೆ, ಎರಡೂ ಬದಿ ಉಬ್ಬಿ ಸೊಂಟವನ್ನು ಹಿಡಿದು ಕೂರಿಸುವಂಥವು. ಕೊನೆಕೊನೆಗೆ ನನಗೊಂದು ಅನುಮಾನ ಶುರುವಾಯಿತು. ಅಪ್ಪನ ಕಾರು ಯಾವುದು, ಅಂಗಳದಲ್ಲಿ ಹೊಳೆಯುತ್ತಿರುವುದೋ, ಕೋಣೆಯಲ್ಲಿ ಧೂಳು ಹಿಡಿದಿರುವುದೋ? ಆರ್.ಸಿ. ಇದ್ದದ್ದು ಹೊರಗಿನದಕ್ಕೆ. ಅಪ್ಪನ ನಶ್ಯದ ವಾಸನೆ ಇದ್ದದ್ದು ಒಳಗಿನ ಸೀಟಿಗೆ.

ಇದು ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಅತ್ತೆಗೆ ಹಾಸನದಲ್ಲಿ ಮಂಡಿ ಬದಲಿಸುವ ಆಪರೇಷನ್ ನಿಗದಿಯಾಯಿತು. ಆಮೇಲೆ ವಾಕರ್ ಹಿಡಿದು ಓಡಾಡಲು ಅವರಿಗೆ ಮೆಟ್ಟಿಲಿಲ್ಲದ ಕೋಣೆ ಬೇಕು. ನಮ್ಮ ಮನೆಯಲ್ಲಿ ಅಂಥದ್ದು ಅದೊಂದೇ.

“ಅವ್ವ ಬರೋ ಹೊತ್ತಿಗೆ ಆ ಕೋಣೆ ಖಾಲಿ ಆಗಿರಬೇಕು” ಎಂದಳು ನನ್ನ ಹೆಂಡತಿ ಶಾರದ.

“ವರ್ಷ ವರ್ಷ ಆಯುಧಪೂಜೇಲಿ ವಿಭೂತಿ ಹಚ್ಚಿ ಕೈ ಮುಗಿದಿರೋ ಸಾಮಾನು ಕಣೇ. ಗುಜರಿಗೆ ಹಾಕೋಕಾಗುತ್ತಾ?”

“ಪೂಜೆ ಮಾಡಿದ ಗಣಪತೀನೇ ಕೆರೆಗೆ ಬಿಡ್ತೀವಿ. ಇವನ್ನೂ ಹೊಳೇಗೆ ಬಿಟ್ಟು ಬನ್ನಿ. ಬೇಕಾದ್ರೆ ಕಡುಬು ಮಾಡಿಕೊಡ್ತೀನಿ.”

ಹೇಮಾವತಿಯಲ್ಲಿ ಸೊಂಟಮಟ್ಟ ನೀರಿಗಿಳಿದು ತಲೆಯ ಮೇಲೆ ಡೈನಮೊ ಹೊತ್ತು ನಿಂತ ನನ್ನನ್ನು ನಾನೇ ಕಲ್ಪಿಸಿಕೊಂಡು, ಖಾಲಿ ಮಾಡಿಸುತ್ತೇನೆ ಎಂದೆ. ಮಾತು ಕೊಟ್ಟ ತಪ್ಪಿಗೆ ಗುಜರಿಯವನನ್ನು ಕರೆಸಿದ್ದೂ ಆಯಿತು. ಅವನು ಸ್ಟೇರಿಂಗನ್ನು ತಕ್ಕಡಿಯತ್ತ ಎಸೆದ ರೀತಿ ನೋಡಿ ಓಡಿಹೋಗಿ ಅದನ್ನು ಎತ್ತಿಕೊಂಡೆ. ಕೊನೆಗೆ ಪಾರ್ಟುಗಳನ್ನು ಸುತ್ತಿದ್ದ ಹಳೆಯ ಪೇಪರನ್ನಷ್ಟೇ ತೂಕಕ್ಕೆ ಹಾಕಿ ಕಳಿಸಿದೆ. ಸಾಮಾನನ್ನೆಲ್ಲ ಗೋಡೆಗೆ ಒತ್ತರಿಸಿ, ಹಿಡಿಸದ್ದನ್ನು ಮಂಚದ ಕೆಳಗೆ ತಳ್ಳಿ, ಮೇಲೊಂದು ಜಮಖಾನ ಹೊದಿಸಿದೆ. ಶಾರದ ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದ ದಿನ ನನಗೆ ಊಟ ಸೇರುವುದಿಲ್ಲ.

ಅತ್ತೆಯನ್ನು ಕರೆತರಲು ಕಾರನ್ನು ತೊಳೆದು ಒರೆಸಿ ಹಾಸನಕ್ಕೆ ಹೋದೆವು. ಆದರೆ ಆ ಉಬ್ಬು ಸೀಟಿಗೆ ಕೂರಬೇಕಾದರೆ ಮಂಡಿ ಮಡಚಿ ಒಳಕ್ಕೆ ಇಳಿಯಬೇಕು. ಅತ್ತೆಯ ಹೊಸ ಮಂಡಿ ಅಷ್ಟು ಮಡಚಲೊಲ್ಲದು. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಸಾಲದು. ಆಸ್ಪತ್ರೆಯ ಬಾಗಿಲಲ್ಲಿ ದಾರಿಹೋಕರೆಲ್ಲ ಸೇರಿ ಸಲಹೆ ಕೊಟ್ಟರು. ಕೊನೆಗೆ ತಾಯಿ ಮಗಳು ಬಾಡಿಗೆ ವ್ಯಾನಿನಲ್ಲಿ ಬಂದರು. ನಾನು ಹೊಳೆಯುವ ಕಾರಿನಲ್ಲಿ ಒಬ್ಬನೇ ಹಿಂದೆ ಹಿಂದೆ ಬಂದೆ.

ಮನೆಯಲ್ಲಾದರೂ ಸುಖವೇ? ಅತ್ತೆಯ ವಾಕರ್ ಎರಡು ಹೆಜ್ಜೆಗೊಮ್ಮೆ ನನ್ನ ಒರಿಜಿನಲ್‌ಗಳಿಗೆ ತಾಗಿ ನಿಲ್ಲುತ್ತಿತ್ತು. ನಡೆಯಿರಿ, ನಡೆದಷ್ಟೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ, ನಡೆಯಲು ಜಾಗವಿಲ್ಲ. ಅತ್ತೆ ಮಾತ್ರ ದೂರಲಿಲ್ಲ. ಒಂದು ದಿನ ಜಮಖಾನ ಸರಿಸಿ, “ಇದು ಬೀಗರ ಕಾರಿನ ಸೀಟಲ್ವಾ? ಇದಿದ್ದಿದ್ರೆ ಅವತ್ತು ಪಕ್ಕಕ್ಕೆ ಕೂತು ಹಂಗೇ ಜಾರ್ಕೊಂಡು ಒಳಗೆ ಹೋಗ್ತಿದ್ದೆ” ಎಂದರು.

ನಾನು ಆ ಗಳಿಗೆಯಲ್ಲೇ ಹನೀಫನಿಗೆ ಫೋನು ಮಾಡಿದೆ. ಅವನು ಬಂದು ಉದ್ದನೆಯ ಸೀಟನ್ನು ಮತ್ತೆ ಕೂರಿಸಿ, ಬಿಡಿ ಸೀಟುಗಳೆರಡನ್ನೂ ನನ್ನ ಮುಂದಿಟ್ಟು, “ಹೊಸದು ಸಾರ್, ಇಟ್ಕೊಳ್ಳಿ” ಎಂದ. ಅವನ್ನೂ ಕೋಣೆಗೆ ಒಯ್ದಿಟ್ಟೆ.

ಮುಂದಿನ ತಪಾಸಣೆಗೆ ಅತ್ತೆ ಅಪ್ಪನ ಸೀಟಿನಲ್ಲೇ ಹಾಸನಕ್ಕೆ ಹೋದರು. ನನಗೆ ಎಲೆಕ್ಷನ್ ಗೆದ್ದ ಹುಮ್ಮಸ್ಸು. “ನೋಡಿದ್ರಾ ಅತ್ತೆ, ಹಳೇದನ್ನ ಇಟ್ಕೊಂಡಿದ್ದು ಹೆಂಗೆ ಉಪಯೋಗಕ್ಕೆ ಬಂತು” ಎಂದು, ಹಿಂದೆ ಕೂತ ಶಾರದಳಿಗೆ ಕೇಳುವಂತೆ ದಾರಿಯುದ್ದಕ್ಕೂ ಹೇಳಿದೆ. ವಾಪಸು ಬರುವಾಗ ಅತ್ತೆ ಕಾಲು ಚಾಚಿ ಮಂಡಿ ನೀವಿಕೊಂಡರು. ಆಮೇಲೆ, “ಅಳಿಯಂದ್ರೆ, ನನ್ನ ಹಳೇ ಮಂಡಿ ಏನ್ ಮಾಡಿರ್ತಾರೆ?” ಎಂದು ಕೇಳಿದರು.

“ಯಾವ ಮಂಡಿ ಅತ್ತೆ?”

“ಕೊಯ್ದು ತೆಗೆದ್ರಲ್ಲ, ಅದು.”

“ಅದನ್ನ ಆಸ್ಪತ್ರೆಯವರೇ ಸುಡೋಕೆ ಕಳಿಸ್ತಾರೆ.”

“ಸುಡ್ಲಿ ಬಿಡಿ, ಅದ್ರಿಂದ ನೋವು ತಿಂದಿದ್ದು ಸಾಕಾಗಿತ್ತು. ಆದ್ರೂ ಹುಟ್ಟಿದಾಗಿಂದ ಜೊತೇಲಿದ್ದಿದ್ದು. ಗದ್ದೆ ನಾಟಿಗೆ, ಕಾಫಿ ಕುಯ್ಲಿಗೆ ಎಲ್ಲದಕ್ಕೂ ಅದೇ ಅಲ್ವಾ ಹೊತ್ಕೊಂಡು ಹೋಗಿದ್ದು? ಒಂದ್ಸಲ ಕಣ್ಣಲ್ಲಿ ನೋಡಿ, ಆಯ್ತು ಹೋಗಿ ಬಾ ಅಂದಿದ್ರೆ ಮುಗೀತಿತ್ತು.”

ಅಪ್ಪನಿಗೆ ಎದೆನೋವು ಬಂದದ್ದು ನಾನು ಅಂಗಡಿಯಲ್ಲಿದ್ದಾಗ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋಗಿ ಬನ್ನಿ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅದಕ್ಕೇ ಇಷ್ಟು ಕಬ್ಬಿಣವನ್ನು ಕೂಡಿಟ್ಟುಕೊಂಡಿದ್ದೇನೆಯೇ ಎಂದು ಮನೆ ಸೇರುವವರೆಗೂ ಅನ್ನಿಸುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಹೊತ್ತು ಜಗಲಿಗೆ ಹಾಕಿದೆ. ಕೋಣೆ ಖಾಲಿಯಾಯಿತು, ಅತ್ತೆ ಈ ಗೋಡೆಯಿಂದ ಆ ಗೋಡೆಗೆ ತಡೆಯಿಲ್ಲದೆ ನಡೆಯತೊಡಗಿದರು. ನಾನು ಒಂದೊಂದನ್ನೇ ಕೈಗೆತ್ತಿಕೊಂಡು, ನೋಡಿ, ಹೋಗಿ ಬಾ ಎಂದು ಗುಜರಿಯವನಿಗೆ ಕೊಡುವುದೆಂದು ತೀರ್ಮಾನಿಸಿದೆ. ಹೊಸ ಸೀಟುಗಳನ್ನು ನೋಡದೆಯೇ ಕೊಟ್ಟೆ. ಕಾರ್ಬೊರೇಟರ್ ಹೋಯಿತು, ಡೈನಮೊ ಹೋಯಿತು. ಉಳಿದದ್ದು ಸ್ಟೇರಿಂಗ್. ಅದರಲ್ಲಿ ಅಪ್ಪ ಹೆಬ್ಬೆರಳಿಡುತ್ತಿದ್ದ ಜಾಗ ಸವೆದು ತಗ್ಗಾಗಿದೆ. ನನ್ನ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತದೆ. ಗುಜರಿಯವನು ಬಂದು ಬಂದು ಬೇಸತ್ತು, ಈಗ ಗೇಟಿನಿಂದಲೇ ನನ್ನ ಮುಖ ನೋಡಿ ಮುಂದೆ ಹೋಗುತ್ತಾನೆ.

ಅತ್ತೆ ವಾಕರ್ ಬಿಟ್ಟಿದ್ದಾರೆ. ದಿನಾ ಸಂಜೆ ಬರೀ ಕೋಲೂರಿಕೊಂಡು ಜಗಲಿಗೆ ಬಂದು, “ನನ್ ಮಂಡಿನೇ ಕೂಡ್ಕೊಂಡ್ತು ಅಳಿಯಂದ್ರೆ, ನಿಮ್ದಿನ್ನೂ ನೋಡಿ ಆಗ್ಲಿಲ್ವಾ?” ಎನ್ನುತ್ತಾರೆ.

“ಇದೊಂದೇ ಅತ್ತೆ” ಎನ್ನುತ್ತೇನೆ.