ಗಡ್ಡಪ್ಪನಿಗೆ ಸೋಡಾ ಸ್ನಾನ

ನನಗೊಂದು ಕೆಟ್ಟ ಗುಣವಿದೆ. ಯಾರು ಯಾವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರೂ ಮೆಚ್ಚಿಬಿಡುತ್ತೇನೆ. ಆ ಕೆಲಸ ನನ್ನ ಜೇಬಿಗೆ ಕೈ ಹಾಕುವುದೇ ಆಗಿದ್ದರೂ ಸರಿ, ‘ಆಹಾ, ಎಂಥ ಕೈಚಳಕ!’ ಎಂದು ತಲೆದೂಗುತ್ತೇನೆ. ಬಸ್ಸಿನಲ್ಲಿ ಹಲ್ಲುಪುಡಿ ಮಾರುವವರ ಮಾತಿಗೆ ಮರುಳಾಗಿ ನಾನು ಕೊಂಡ ಹಲ್ಲುಪುಡಿ, ನಮ್ಮ ಮನೆಯವರ ಹಲ್ಲೆಲ್ಲ ಉದುರಿದ ಮೇಲೂ ಮುಗಿಯುವಂತಿಲ್ಲ. ಇಂಥ ನಾನು ಹಳೆಯ ನಾಣ್ಯದ ವ್ಯಾಪಾರಕ್ಕೆ ಇಳಿದೆ. ಮುಂದಿನದನ್ನು ನೀವೇ ಊಹಿಸಬಹುದು. ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಊಹೆಗಿಂತ ನಾನು ಒಂದು ಹೆಜ್ಜೆ ಮುಂದೆಯೇ ಹೋಗಿದ್ದೇನೆ!

ನಾವು ತಮಿಳುನಾಡಿನ ಸೇಲಂ ಪಟ್ಟಣದ, ಮನೆಯಲ್ಲಿ ಕನ್ನಡ ಬೀದಿಯಲ್ಲಿ ತಮಿಳು ಆಡುವ ನೇಕಾರರು. ನಮ್ಮದು ಮನೆಯೊಳಗೆ ಮಗ್ಗ ಇಟ್ಟುಕೊಂಡದ್ದಲ್ಲ, ಮಗ್ಗದ ಸುತ್ತ ಒಂದಿಷ್ಟು ಮನೆ ಕಟ್ಟಿಕೊಂಡದ್ದು. ನಾನು ನೇಯುತ್ತೇನೆ. ನನ್ನ ಹೆಂಡತಿ ಸರೋಜ ರಾಟೆ ತಿರುಗಿಸಿ ನೂಲು ಸುತ್ತಿ ಕೊಡುತ್ತಾಳೆ. ಉಳಿದಂತೆ ಮಾತು, ಲೆಕ್ಕ, ಧೈರ್ಯ ಇವೆಲ್ಲ ಅವಳ ಇಲಾಖೆ. ಅವಳು ಎಡಪ್ಪಾಡಿಯಿಂದ ಮದುವೆಯಾಗಿ ಬರುವಾಗ ಅತ್ತೆ ಅವಳ ಕೈಯಲ್ಲಿ ಒಂದು ಬೆಳ್ಳಿ ರೂಪಾಯಿ ಇಟ್ಟಿದ್ದರು. ಅದರ ಮೇಲೆ ಕಿರೀಟ ತೊಟ್ಟ, ಗಡ್ಡ ಬಿಟ್ಟ ಬಿಳಿಯರ ರಾಜನೊಬ್ಬ ಇದ್ದ. ಅವರ ಮನೆಯಲ್ಲಿ ಅವನಿಗೆ ಇಟ್ಟ ಹೆಸರು ಗಡ್ಡಪ್ಪ. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು ಏರಿಸುವ ದಿನ, ಗಡ್ಡಪ್ಪನಿಗೆ ಅರಿಶಿನ ಹಚ್ಚಿ, ಹೂವಿಟ್ಟು, ಮಗ್ಗದ ಮರದ ಮೇಲೆ ಕೂರಿಸಿ ಕೈಮುಗಿಯಬೇಕು. ಆಮೇಲೆಯೇ ಮೊದಲ ಲಾಳಿ ಓಡಬೇಕು. ಊರನ್ನೆಲ್ಲ ಆಳಿ ಹೋದ ರಾಜ ಕಡೆಗೆ ನಮ್ಮ ಮಗ್ಗದ ಮೇಲೆ ಅರಿಶಿನ ಮೆತ್ತಿಕೊಂಡು ಕೂತು ಸೀರೆ ಕಾಯುತ್ತಿದ್ದ.

ಈ ವರ್ಷ ಸರೋಜಳ ಬಲಭುಜಕ್ಕೆ ನೋವು ಬಂತು. ರಾಟೆ ತಿರುಗಿಸಿ ತಿರುಗಿಸಿ ಬಂದ ನೋವು. ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಜಡೆ ಹಾಕಿಕೊಳ್ಳುವಾಗ ಕೈ ಅರ್ಧಕ್ಕೇ ನಿಲ್ಲುವುದನ್ನು ನಾನು ನೋಡಿದ್ದೆ. ರಾಟೆಗೆ ಒಂದು ಮೋಟರ್ ಕೂರಿಸಿಬಿಡಬೇಕು, ಅವಳಿಗೆ ತಿಳಿಯದ ಹಾಗೆ ಕೂರಿಸಿ ಬೆರಗು ಮಾಡಬೇಕು ಎಂದು ನಿಶ್ಚಯಿಸಿದೆ. ಮೋಟರಿಗೆ ದುಡ್ಡು? ಅದಕ್ಕೂ ದಾರಿ ತೋರಿಸಿತು ನನ್ನ ಫೋನು. ಕೋಟು ಹಾಕಿಕೊಂಡ ಒಬ್ಬಾತ ವಿಡಿಯೋದಲ್ಲಿ ಬೆಳ್ಳಿ ರೂಪಾಯಿಯನ್ನು ಎತ್ತಿ ಹಿಡಿದು, “ಇದು ನಿಮ್ಮ ಮನೆಯಲ್ಲಿದ್ದರೆ ನೀವೇ ಲಕ್ಷಾಧಿಪತಿ!” ಎಂದು ತಮಿಳಿನಲ್ಲಿ ಗುಡುಗಿದ. ಅವನ ಕೈಯಲ್ಲಿದ್ದದ್ದು ಸಾಕ್ಷಾತ್ ಗಡ್ಡಪ್ಪ!

ಸರೋಜ ಅಣ್ಣನ ಮಗಳ ಸೀಮಂತಕ್ಕೆಂದು ಎಡಪ್ಪಾಡಿಗೆ ಹೋಗಿದ್ದಳು. ಇನ್ನೇನು ಬೇಕು? ದೇವರ ಗೂಡಿನಿಂದ ಗಡ್ಡಪ್ಪನನ್ನು ಇಳಿಸಿ, ಫೋಟೋ ತೆಗೆದು ಕೋಟಿನಾತನಿಗೆ ಕಳಿಸಿದೆ. ಕೂಡಲೇ ಫೋನು ಬಂತು.

“ಸಾರ್, ನಾಣ್ಯಂ ಸೂಪರ್. ಆದ್ರೆ ಮಂಕಾಗಿದೆ. ಸ್ವಲ್ಪ ಪಳಪಳ ಅಂತ ಇದ್ದರೆ ಫಾರಿನ್ ಪಾರ್ಟಿ ಉಡನೇ ತಗೊಳ್ತಾರೆ.”

ಹೊಳಪು ತರಿಸುವುದನ್ನು ರೇಷ್ಮೆ ನೇಯುವವನಿಗೆ ಯಾರಾದರೂ ಹೇಳಿಕೊಡಬೇಕೇ? ಹಸಿ ರೇಷ್ಮೆಯನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಅಂಟೆಲ್ಲ ಬಿಟ್ಟು ಫಳಫಳ ಹೊಳೆಯುತ್ತದೆ. ನಮ್ಮ ಅಪ್ಪ, ತಾತ ಎಲ್ಲ ಮಾಡಿದ್ದು ಅದನ್ನೇ. ರೇಷ್ಮೆಗೆ ಆದದ್ದು ರಾಜನಿಗೆ ಆಗದೇ? ಅಲ್ಯೂಮಿನಿಯಂ ಪಾತ್ರೆಗೆ ನೀರು, ಸೋಪು, ಸೋಡಾ ಹಾಕಿ ಒಲೆ ಹಚ್ಚಿ, ಗಡ್ಡಪ್ಪನನ್ನು ಮೆಲ್ಲಗೆ ಇಳಿಬಿಟ್ಟೆ. ನೊರೆ ಉಕ್ಕಿತು. ಅಷ್ಟೂ ಹಾಸುಗಳ ಪೂಜೆಯಲ್ಲಿ ಮೆತ್ತಿದ್ದ ಅರಿಶಿನವೆಲ್ಲ ನೀರಿಗೆ ಬಂತು. ಆಮೇಲೆ ತೆಂಗಿನ ನಾರಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಕಡೆಯಲ್ಲಿ ವಿಭೂತಿ ಹಾಕಿ ಒರೆಸಿದೆ. ಒಬ್ಬ ಚಕ್ರವರ್ತಿಗೆ ಇಷ್ಟು ವಿಧಿವತ್ತಾಗಿ ಅಭ್ಯಂಜನ ಅವನ ಊರಿನಲ್ಲೂ ಆಗಿರಲಾರದು!

ಕನ್ನಡಿಯ ಹಾಗೆ ಹೊಳೆಯುತ್ತಿದ್ದ. ಗಡ್ಡ ಮಾತ್ರ ಸ್ವಲ್ಪ ಟ್ರಿಮ್ ಆದಂತೆ ಕಂಡಿತು.

ಹೊಸ ಫೋಟೋ ನೋಡಿ ಕೋಟಿನಾತ ಭೇಷ್ ಎಂದ. ಮೊದಲು ಪದಿವು ಕಟ್ಟಣ, ಅಂದರೆ ಹೆಸರು ನೋಂದಾಯಿಸಲು ಒಂದಿಷ್ಟು ಕಟ್ಟಿಸಿಕೊಂಡ. ಆಮೇಲೆ ತೆರಿಗೆ ಎಂದ, ಕಟ್ಟಿದೆ. ಆಮೇಲೆ, ನಾಣ್ಯ ಒಯ್ಯಲು ಬರುವ ವ್ಯಾನಿಗೆ ವಿಮೆ ಎಂದ. “ಇನ್ನು ನನ್ನ ಹತ್ತಿರ ಬಿಡಿಗಾಸೂ ಇಲ್ಲ ಸಾರ್” ಎಂದೆ. ಅಷ್ಟೇ! ಫೋನು ಸತ್ತುಹೋಯಿತು. ಆದರೆ ಒಂದು ಮಾತು ಒಪ್ಪಲೇಬೇಕು. ಮೊದಲಿನಿಂದ ಕೊನೆಯವರೆಗೆ ಆತ ಒಮ್ಮೆಯೂ ‘ಸಾರ್’ ಬಿಟ್ಟು ಮಾತಾಡಲಿಲ್ಲ. ನಮ್ಮ ಬೀದಿಯಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ.

ಸರೋಜ ಬರುವುದರೊಳಗೆ ಹೋದ ದುಡ್ಡು ತುಂಬಿಸಬೇಕಿತ್ತು. ಗಡ್ಡಪ್ಪನನ್ನು ಜೇಬಿಗಿಳಿಸಿಕೊಂಡು ಪೇಟೆಯ ಹಳೆ ನಾಣ್ಯದ ಅಂಗಡಿಗೆ ಹೋದೆ. ಗಲ್ಲದ ಮೇಲೆ ದಪ್ಪ ಮಚ್ಚೆಯಿದ್ದ ಅಂಗಡಿಯವರು ಕಣ್ಣಿಗೆ ಭೂತಗಾಜು ಒತ್ತಿಕೊಂಡು ಗಡ್ಡಪ್ಪನನ್ನು ನೋಡಿದರು. ಆಮೇಲೆ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, “ಯಾರು ತೊಳೆದದ್ದು?” ಎಂದರು.

“ನಾನೇ” ಎಂದೆ ಹೆಮ್ಮೆಯಿಂದ.

“ಅಯ್ಯೋ, ಸಾಯಿಸಿಬಿಟ್ರಲ್ಲ ಸಾರ್! ಹಳೇ ನಾಣ್ಯಕ್ಕೆ ಹಳೇ ಮೈಬಣ್ಣವೇ ಉಯಿರು. ಇದು ಈಗ ಹೆಣ. ಗಡ್ಡ ಪೂರಾ ಸವೆದೈತೆ. ಅಂಚಲ್ಲಿ ಏಟು ಬಿದ್ದೈತೆ. ಇಂಥದು ಸಂತೇಲಿ ಬದನೆಕಾಯಿ ಸಿಕ್ಕಂಗೆ ಸಿಕ್ಕುತ್ತೆ. ಕೇಳೋರೇ ಇಲ್ಲ. ನೀವು ನಮ್ಮೋರು, ಮನೇಲಿ ಕನ್ನಡ ಮಾತಾಡೋರು ಅಂತ, ಬರೀ ಬೆಳ್ಳಿ ತೂಕಕ್ಕೆ ತಗೋತೀನಿ. ಅದೂ ನಿಮ್ಮ ಮುಖ ನೋಡಿ.”

ಎಂಥ ಮಾತು! ಒಂದೊಂದು ದೋಷವನ್ನೂ ಸೀರೆಯ ಮಡಿಕೆ ಬಿಡಿಸಿ ತೋರಿಸಿದ ಹಾಗೆ ತೋರಿಸಿದರು. ನನ್ನದೇ ನಾಣ್ಯ ಎಂಬುದನ್ನು ಮರೆತು, ‘ಇಂಥ ದರಿದ್ರ ನಾಣ್ಯವನ್ನು ಇವರ ಮೇಲೆ ಹೊರಿಸುತ್ತಿದ್ದೇನಲ್ಲ’ ಎಂದು ನನಗೇ ನಾಚಿಕೆಯಾಯಿತು. ಅವರ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದೆ. ಬಂದ ಹಣ ಕೋಟಿನಾತನಿಗೆ ಕಟ್ಟಿದ್ದಕ್ಕೆ ಸರಿಹೋಯಿತು. ಇದ್ದ ಗಡ್ಡಪ್ಪ ಹೋದ, ಹೋದ ದುಡ್ಡು ಬಂತು. ಮೋಟರ್ ಅಂಗಡಿಯಲ್ಲೇ ಉಳಿಯಿತು.

ಎರಡು ದಿನ ಕಳೆದು ಸರೋಜ ಎಡಪ್ಪಾಡಿ ಬಸ್ಸಿಳಿದು ಬಂದಳು.

“ಏನ್ರೀ, ಹಾಸು ರೆಡಿಯಾಗೈತಂತೆ. ವೆಳ್ಳಿಕ್ಕಿಳಮೆ ಏರಿಸಿಬಿಡಾನ. ಅಣ್ಣನ ಮಗಳ ಬಾಣಂತಿ ಸೀರೆ ಇದರಲ್ಲೇ ನೇಯಬೇಕು. ಅವ್ವ ಏಳಿ ಕಳಿಸೈತೆ, ಗಡ್ಡಪ್ಪನ ಮುಂದೆ ಮಗೂ ಎಸರಲ್ಲಿ ಬೇಡ್ಕೋ ಅಂತ.”

ವೆಳ್ಳಿಕ್ಕಿಳಮೆ, ಅಂದರೆ ಶುಕ್ರವಾರ, ಬಂದೇಬಿಟ್ಟಿತಲ್ಲ! ಹಾಲು ತರುತ್ತೇನೆಂದು ಹೇಳಿ ನೇರ ಪೇಟೆಗೆ ಓಡಿದೆ. ಗಾಜಿನ ಪೆಟ್ಟಿಗೆಯ ನಟ್ಟನಡುವೆ, ಕೆಂಪು ಮಖಮಲ್ಲಿನ ಮೇಲೆ ಗಡ್ಡಪ್ಪ ವಿರಾಜಮಾನನಾಗಿದ್ದ. ನಾನು ಹಿಂದಕ್ಕೆ ಕೇಳಿದ್ದೇ ತಡ, ಅಂಗಡಿಯವರ ದನಿ ಸಾವಿನ ಮನೆಯಿಂದ ಮದುವೆ ಮನೆಗೆ ಹೋಯಿತು.

“ಇದಾ ಸಾರ್? ಏನು ಹೊಳಪು ನೋಡಿ! ಟಂಕಸಾಲೆಯಿಂದ ಈಗ ತಾನೇ ಇಳಿದಂಗೈತೆ. ಅಂಚಿನ ಏಟಾ? ಅದು ಒರಿಜಿನಲ್ ಅನ್ನೋಕೆ ಸಾಕ್ಷಿ. ಸೇಲಂ ಪೂರಾ ತೇಡಿದ್ರೂ ಇಂಥದು ಇನ್ನೊಂದಿಲ್ಲ.”

ಬೆಲೆ ಕೇಳಿದೆ. ಅವರು ಕೊಟ್ಟದ್ದರ ಮೂರರಷ್ಟು! ನನಗೆ ಅಳು ಬಂತು. ಆದರೂ, ಅದೇ ಬಾಯಿ, ಅದೇ ನಾಣ್ಯ, ಎರಡೇ ದಿನದಲ್ಲಿ ಎಷ್ಟು ಸಲೀಸಾಗಿ ತಿರುಗಿತು ಎಂದು ಒಳಗೊಳಗೇ ಮೆಚ್ಚದೆ ಇರಲಾಗಲಿಲ್ಲ. ಹಾಲನ್ನೂ ತಾರದೆ ಮನೆಗೆ ಬಂದೆ.

ಸರೋಜ ಖಾಲಿ ದೇವರ ಗೂಡಿನ ಮುಂದೆ ನಿಂತಿದ್ದಳು. ಇನ್ನು ಮುಚ್ಚಿಡುವುದು ಹೇಗೆ? ಎಲ್ಲವನ್ನೂ ಒದರಿಬಿಟ್ಟೆ. ಮೋಟರು, ಕೋಟು, ಸೋಡಾ, ಮಚ್ಚೆಯ ಅಂಗಡಿಯವರು, ಒಂದೂ ಬಿಡಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಗೂಡಿನಲ್ಲಿ ಗಡ್ಡಪ್ಪ ಕೂತಿದ್ದ ಜಾಗದಲ್ಲಿ ಅರಿಶಿನದ ದುಂಡು ಗುರುತೊಂದಿತ್ತು. ಅದನ್ನು ಬೆರಳಲ್ಲಿ ಸವರುತ್ತಾ ನಿಂತಳು. ನಿಜವಾಗಿ ಹೇಳುತ್ತೇನೆ, ಆ ಹೊತ್ತು ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

“ನನ್ನ ತೋಳು ನೋಯ್ತದೆ ಅಂತ ನಿಮಗೆ ಯಾರು ಏಳಿದ್ದು?” ಎಂದಳು ಕಡೆಗೆ.

“ಜಡೆ ಹಾಕೋವಾಗ ನೋಡಿದೆ.”

ಅವಳು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಸರಿ, ನಡೀರಿ. ಆ ಅಂಗಡಿ ಅಣ್ಣ ಮೊದಲ್ನೇ ದಿವಸ ಏನೇನು ಅಂದ್ರು, ನ್ಯಾಪಕ ಐತಾ?”

“ಅಕ್ಷರ ಬಿಡದೆ ಐತೆ!”

“ಅದೊಂದಾದ್ರೂ ಐತಲ್ಲ, ಬನ್ನಿ.”

ಅಂಗಡಿಯಲ್ಲಿ ಏರ್ಕಾಡ್ ಕಡೆಯ ಕಾಫಿ ತೋಟದ ಯಜಮಾನರೊಬ್ಬರು ಗಾಜಿನ ಪೆಟ್ಟಿಗೆಯ ಮೇಲೆ ಬಾಗಿ ನಾಣ್ಯ ಆರಿಸುತ್ತಿದ್ದರು. ಗಟ್ಟಿ ಗಿರಾಕಿ ಎಂಬುದು ಅವರಿಗೆ ತರಿಸಿದ ಹಾರ್ಲಿಕ್ಸ್‌ನಿಂದಲೇ ಗೊತ್ತಾಗುತ್ತಿತ್ತು. ನನಗಂತೂ ಟೀ ಕೂಡ ಕೊಟ್ಟಿರಲಿಲ್ಲ. ಸರೋಜ ನಮ್ರವಾಗಿ ಸ್ಟೂಲಿನ ಮೇಲೆ ಕೂತು, “ಅಣ್ಣಾ, ಆ ಗಡ್ಡದ ರಾಜನ್ನ ಒಸಿ ತೋರ್ಸಿ” ಎಂದಳು. ಅಂಗಡಿಯವರು ಮದುವೆ ಮನೆಯ ದನಿಯಲ್ಲೇ ಶುರು ಮಾಡಿದರು. ಹೊಳಪು, ಸಾಕ್ಷಿ, ಸೇಲಂಗೆಲ್ಲ ಒಂದೇ, ಎಲ್ಲ ಬಂತು. ಸರೋಜ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಏನ್ರೀ, ಇದೇ ಕಾಸಿಗೆ ಅವತ್ತು ಈ ಅಣ್ಣ ಏನಂದ್ರು? ನಂಗೆ ಮರ್ತೋಗೈತೆ, ಗಟ್ಟಿಯಾಗಿ ಏಳಿ” ಎಂದಳು.

ನಾನು ಕೈಕಟ್ಟಿ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಗಟ್ಟಿಯಾಗಿ ಶುರುಮಾಡಿದೆ. “ಇದು ಈಗ ಹೆಣ! ಗಡ್ಡ ಪೂರಾ ಸವೆದೈತೆ! ಅಂಚಲ್ಲಿ ಏಟು ಬಿದ್ದೈತೆ!” ಅವರ ದನಿ, ಅವರ ನಿಟ್ಟುಸಿರು, ಯಾವುದನ್ನೂ ಬಿಡಲಿಲ್ಲ. ಮೆಚ್ಚಿ ಕಲಿತ ಪಾಠ, ತಪ್ಪುವುದುಂಟೇ? ತೋಟದ ಯಜಮಾನರು ಹಾರ್ಲಿಕ್ಸ್ ಲೋಟ ಕೆಳಗಿಟ್ಟರು. ತಮ್ಮ ಕೈಯಲ್ಲಿದ್ದ ನಾಣ್ಯವನ್ನೂ ಕೆಳಗಿಟ್ಟರು. ನಾನು ಬದನೆಕಾಯಿಗೆ ಬರುವ ಹೊತ್ತಿಗೆ ಅಂಗಡಿಯವರು ಎದ್ದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

“ತಾಯಿ, ಪೋದುಂ! ನಾನು ಕೊಟ್ಟಷ್ಟೇ ಕೊಟ್ಟು ತಗೊಂಡೋಗಿ!”

ಸರೋಜ ಅಷ್ಟನ್ನು ಎಣಿಸಿಟ್ಟಳು. ಮೇಲೆ ಇನ್ನೊಂದು ನೋಟೂ ಇಟ್ಟಳು. “ಇದು ನಿಮ್ಮ ಮಖಮಲ್ಲಿಗೆ ಅಣ್ಣಾ. ಎರಡು ದಿವ್ಸ ನಮ್ಮ ಗಡ್ಡಪ್ಪನ್ನ ಮರ್ವಾದೆಯಾಗಿ ಮಡಿಗಿದ್ರಲ್ಲ.” ಗಡ್ಡಪ್ಪನನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಎದ್ದಳು. ಏರು ದನಿಯಿಲ್ಲ, ಒಂದು ಕೆಟ್ಟ ಮಾತಿಲ್ಲ. ಇಂಥ ಹೆಣ್ಣು ನನ್ನನ್ನು ಯಾವ ಪುಣ್ಯಕ್ಕೆ ಕಟ್ಟಿಕೊಂಡಳೋ! ಆನಂದದಿಂದ ನನ್ನ ಕಣ್ಣು ಮಂಜಾಯಿತು.

ಕಣ್ಣು ಮಂಜಾದದ್ದೇ ತಪ್ಪಾಯಿತು. ಅವಳು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಂಗಡಿಯವರು ನನ್ನ ತೋಳು ಹಿಡಿದು, ಕಿವಿಯಲ್ಲಿ, “ಸಾರ್, ಏನು ನೆನಪು ನಿಮ್ಮದು! ಇಷ್ಟು ವರ್ಷದಲ್ಲಿ ನನ್ನ ಮಾತನ್ನ ಹಿಂಗೆ ಮನಸ್ಸಿಟ್ಟು ಕೇಳಿದವರೇ ಇಲ್ಲ. ನಿಮ್ಮಂಥ ರಸಿಕರಿಗೆ ಮಾತ್ರ ತೋರಿಸ್ತೀನಿ” ಎಂದು ಒಂದು ರೂಪಾಯಿ ತೆಗೆದರು. ಅದರ ಮೇಲೆ ಕಿರೀಟವಿಲ್ಲದ ಬೋಳುತಲೆಯ ರಾಜ. “ಇವರು ನಿಮ್ಮ ಗಡ್ಡಪ್ಪನ ಸೊಂದ ಅಪ್ಪ. ಅಪ್ಪ ಮಗನನ್ನ ಬೇರೆ ಮಾಡಿದ ಪಾಪ ನಮಗೆ ಬೇಡ ಸಾರ್.”

ಆಹಾ! ಸೋತು ಸುಣ್ಣವಾದ ಗಳಿಗೆಯಲ್ಲೂ ಎಂಥ ಮಾತು!

ಶುಕ್ರವಾರ ಹೊಸ ಹಾಸು ಏರಿತು. ಗಡ್ಡಪ್ಪ ಟ್ರಿಮ್ ಗಡ್ಡಕ್ಕೆ ದಪ್ಪಗೆ ಅರಿಶಿನ ಮೆತ್ತಿಕೊಂಡು ಮಗ್ಗದ ಮೇಲೆ ಕೂತ. ಸರೋಜ ಹುಟ್ಟಲಿರುವ ಮಗುವಿನ ಹೆಸರಿನಲ್ಲಿ ಬೇಡಿಕೊಂಡಳು. ನಾನು ಗಂಭೀರವಾಗಿ ಮುಂದೆ ಬಂದು, ಹಾಲಿನ ದುಡ್ಡು ಕೊಟ್ಟು ತಂದಿದ್ದ ಬೋಳಪ್ಪನನ್ನು ಮಗನ ಪಕ್ಕದಲ್ಲಿ ಕೂರಿಸಿದೆ. ಮಗ್ಗದ ಗುಂಡಿಯಲ್ಲಿ ಬಿದ್ದ ಸೂಜಿ ಹುಡುಕಲು ನಾವೊಂದು ಅಯಸ್ಕಾಂತ ಇಟ್ಟುಕೊಂಡಿದ್ದೇವೆ. ಅದು ಪಕ್ಕದಲ್ಲೇ ಇತ್ತು. ಬೋಳಪ್ಪ ಒಂದು ಸಲ ಅಲುಗಾಡಿದ. ಆಮೇಲೆ ‘ಟಪ್’ ಎಂದು ಹಾರಿ ಅಯಸ್ಕಾಂತಕ್ಕೆ ಅಂಟಿಕೊಂಡ. ಬೆಳ್ಳಿ ಎಲ್ಲಾದರೂ ಹಾಗೆ ಹಾರುತ್ತದೆಯೇ?

ಸರೋಜ ಬೋಳಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ನಗು ತಡೆಯಲಾರದೆ ಗೋಡೆಗೊರಗಿ ಕೂತುಬಿಟ್ಟಳು. ನಕ್ಕು ನಕ್ಕು ಭುಜ ಹಿಡಿದುಕೊಂಡಾಗ ನನಗೆ ಅದಕ್ಕಿಂತ ಬೇರೆ ಪ್ರಾಯಶ್ಚಿತ್ತ ಹೊಳೆಯಲಿಲ್ಲ. ರಾಟೆಯ ಮುಂದೆ ಹೋಗಿ ಕೂತೆ. ಅಂದಿನಿಂದ ನೂಲು ಸುತ್ತುವುದೂ ನನ್ನದೇ ಕೆಲಸ. ನಮ್ಮ ರಾಟೆಗೆ ಮೋಟರ್ ಬಂದದ್ದು ಹೀಗೆ.

ಅವಳು ಕಣ್ಣೊರೆಸಿಕೊಂಡು ಎದ್ದು ಬಂದಳು. ಬೋಳಪ್ಪನನ್ನು ಕಿತ್ತು ಪಕ್ಕಕ್ಕಿಟ್ಟು, ಅಯಸ್ಕಾಂತವನ್ನು ನನ್ನ ಎದೆಗೆ ಒತ್ತಿ ಹಿಡಿದು ಪರೀಕ್ಷೆ ಮಾಡಿದಳು.

“ಅಂಟ್ಕೊಳ್ಳಲ್ಲ. ಒರಿಜಿನಲ್ಲೇ ಐತೆ” ಎಂದಳು.

ನನ್ನ ಎದೆ ಉಬ್ಬಿತು.

“ಆದ್ರೆ ಮಾರಾಕೆ ಓದ್ರೆ ತೂಕದ ಬೆಲೇನೂ ಬರಲ್ಲ. ಅದಕ್ಕೇ ಮನೇಲೇ ಮಡಿಕ್ಕೊಂಡಿವ್ನಿ.”