ನನ್ನ ಎದೆ, ನನ್ನ ಕೂದಲು

ಗಂಡಸಿನ ಎದೆಯ ಮೇಲೆ ಕೂದಲಿರುವುದು ಯಾವ ಕಾನೂನಿನಲ್ಲಿ ಅಪರಾಧ, ಹೇಳಿ ನೋಡೋಣ! ಕುಷ್ಟಗಿಯ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿರುವ ಈ ಕಾಶಿನಾಥ ಒಬ್ಬರ ಒಂದು ಫೈಲನ್ನೂ ಕಳೆದವನಲ್ಲ. (ಒಮ್ಮೆ ಕಳೆದಿತ್ತು, ಸಿಕ್ಕಿತು.) ಅಂಥವನನ್ನು ಕೂರಿಸಿಕೊಂಡು ಹೆಂಡತಿ, ಮಗಳು ಇಬ್ಬರೂ ಕೂದಲಿನ ಬಗ್ಗೆ ವಿಚಾರಣೆ ನಡೆಸಿದರೆ ರಕ್ತ ಕುದಿಯುವುದಿಲ್ಲವೇ?

ಆದದ್ದಿಷ್ಟು. ಇರಕಲ್ಲಗಡದಲ್ಲಿ ನನ್ನ ಹೆಂಡತಿಯ ಅಣ್ಣನ ಮಗ ನಾಗೇಶನ ಮದುವೆ. ಅವರ ಮನೆತನದಲ್ಲಿ ಸುರಗಿಯ ದಿನ ಮದುಮಗನ ಜೊತೆ ಅವನ ಸೋದರತ್ತೆ, ಮಾವ ಇಬ್ಬರೂ ಕೂರಬೇಕು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತ ನೂಲು, ನಡುವೆ ನಾವು. ಮೈಗೆ ಅರಿಶಿನ, ತಲೆಗೆ ನೀರು. ಗಂಡಸರು ಬರಿಮೈಯಲ್ಲೇ ಕೂರಬೇಕು.

"ಅಪ್ಪಾ, ಈ ಸಲ ಡ್ರೋನ್ ಕ್ಯಾಮೆರಾ ತರಸ್ಯಾರಂತ," ಎಂದಳು ಮಗಳು ಸಹನಾ. "ಮ್ಯಾಲಿಂದ ನೋಡಿದ್ರ ನಿನ್ನ ಎದಿ ಅಡವಿ ಕಂಡಂಗ ಕಾಣತೈತಿ."

"ಹಚ್ಚಿದ ಅರಿಶಿಣ ಎಲ್ಲಾ ಕೂದಲದಾಗ ಸಿಕ್ಕೊಂಡು ಕುಂತುಬಿಡತೈತ್ರಿ," ಎಂದು ನನ್ನ ಹೆಂಡತಿ ನೇತ್ರಾವತಿ ದನಿಗೂಡಿಸಿದಳು. "ಒಂದೀಟು ತೆಗಸ್ಕೋರಿ. ಈಗ ಎಲ್ಲಾರೂ ತೆಗಸ್ತಾರ."

ಎದ್ದು ನಿಂತೆ. ಅಂಗಿಯ ಎರಡು ಗುಂಡಿ ಬಿಚ್ಚಿಯೇ ಮಾತಾಡಿದೆ.

"ಏನಂತ ತಿಳದೀರಿ? ಇದು ನಮ್ಮಪ್ಪನ ಎದಿ, ನಮ್ಮಜ್ಜನ ಎದಿ! ತೊಂಬತ್ತೇಳರಾಗ ಮದುವಿ ಆಗೂಮುಂದ ಇದು ಇರಲಿಲ್ಲೇನು? ಆಗ ನಡೀತು, ಈಗ ನಾಚಿಕಿ ಆತೇನು? ದೇವರು ಕೊಟ್ಟದ್ದನ್ನ ಇದ್ದಂಗ ಒಪ್ಪಿಕೊಂಡಾಂವ ನಾ. ಒಂದು ಎಳೀನೂ ತೆಗಸಂಗಿಲ್ಲ!"

ಇಂಥ ಭಾಷಣವನ್ನು ನಾನು ಗಾಂಧಿ ಜಯಂತಿಗೂ ಮಾಡಿದವನಲ್ಲ. ನೇತ್ರಾವತಿ ನನ್ನ ಮುಖವನ್ನೇ ನೋಡಿದಳು. ಸೋತಳು ಎಂದುಕೊಂಡೆ.

ಮರುದಿನ ಬಚ್ಚಲಲ್ಲಿ ಒಬ್ಬನೇ ಇದ್ದಾಗ, ಮೇಲಿನಿಂದ ಹೇಗೆ ಕಾಣುತ್ತೇನೋ ನೋಡಿಯೇಬಿಡೋಣ ಎಂದು ಕನ್ನಡಿಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಮಗಳು ಸುಳ್ಳು ಹೇಳಿರಲಿಲ್ಲ. ಅಷ್ಟೇ ಅಲ್ಲ, ಅಡವಿ ಬೆನ್ನಿಗೂ ಹಬ್ಬಿತ್ತು.

ಕಚೇರಿ ಕೆಲಸವೆಂದು ಸುಳ್ಳು ಹೇಳಿ ಗಂಗಾವತಿಗೆ ಹೋದೆ. ಅಲ್ಲಿ ಗಂಡಸರ ಪಾರ್ಲರು. ಅದರ ಮಾಲೀಕ ಗಾಳೆಪ್ಪ ಎದೆಗೆ ಬಿಸಿ ಮೇಣ ಬಳಿದು, ಮೇಲೆ ಬಟ್ಟೆ ಅಂಟಿಸಿ, "ಸರ್, ಯಾವೂರಾತ್ರಿ ನಿಮ್ದು?" ಎಂದು ಪ್ರೀತಿಯಿಂದ ಕೇಳಿದ. "ಕುಷ್ಟ..." ಎನ್ನುವಷ್ಟರಲ್ಲಿ ಎಳೆದ. ಊರಿನ ಹೆಸರಿನ ಉಳಿದರ್ಧ ಇಡೀ ಬಜಾರಿಗೆ ಕೇಳಿಸಿರಬೇಕು. ಹೀಗೆ ಒಂದೂವರೆ ತಾಸು ನನ್ನ ಕುಲಗೋತ್ರವನ್ನೆಲ್ಲ ವಿಚಾರಿಸಿದ, ಪಾಪಿ!

ಮನೆಯಲ್ಲಿ ಬಾಯಿ ಬಿಡಲಿಲ್ಲ. ಎರಡು ದಿನ ಬನಿಯನ್ ಹಾಕಿಕೊಂಡೇ ಮಲಗಿದೆ.

ಸುರಗಿಗೆ ಕೂತು ಅಂಗಿ ಬಿಚ್ಚಿದಾಗ ಪಕ್ಕದಲ್ಲಿದ್ದ ನೇತ್ರಾವತಿಯ ಕಣ್ಣು ಅಗಲವಾದವು.

"ಏನ್ರೀ ಇದು?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಿಮ್ಮ ಮಾತು ಮನಸಿಗೆ ನಾಟಿ, ನಿನ್ನಿ ಇಡೀ ದಿನ ನಮ್ಮ ಅಕ್ಕ ತಂಗ್ಯಾರ ಜೋಡಿ ಜಗಳಾಡೀನಿ! ನನ್ನ ಗಂಡ ಹೆಂಗದಾನೋ ಹಂಗ ಕುಂದರತಾನ, ನಕ್ಕವರ ಹಲ್ಲು ಉದುರಸ್ತೀನಿ ಅಂದೀನಿ! ಈಗ ನನ್ನ ಮಾರಿ ಎಲ್ಲಿಡ್ಲಿ?"

ನನಗೆ ನಿಜಕ್ಕೂ ಅಳು ಬಂತು. ಇಪ್ಪತ್ತು ವರ್ಷಕ್ಕೊಮ್ಮೆ ಹೆಂಡತಿ ನನ್ನ ಪಕ್ಷ ವಹಿಸಿದ್ದಳು. ಆ ಹೊತ್ತಿಗೇ ನಾನು ಪಕ್ಷಾಂತರ ಮಾಡಿದ್ದೆ.

ಅಷ್ಟರಲ್ಲಿ ಅರಿಶಿನದ ಬಟ್ಟಲು ಹಿಡಿದು ಬಂದ ನನ್ನ ಅತ್ತೆ ಹಂಪವ್ವ ಗಕ್ಕನೆ ನಿಂತರು.

"ಅಯ್ಯೋ ನನ್ನ ಶಿವನ! ಅಳಿಯಂದ್ರ ಎದಿ ಬೋಳಸ್ಯಾರಲ್ಲೇ! ನಮ್ಮ ಓಣಿ ದುರುಗಪ್ಪಗೂ ಹಾರ್ಟ್ ಆಪರೇಷನ್ನಿಗಿಂತ ಮೊದಲ ಹಿಂಗ ಬೋಳಿಸಿದ್ರು. ಯಾವಾಗ ಕೊಯ್ತಾರವ್ವಾ? ನಮಗ್ಯಾಕ ಹೇಳಲಿಲ್ಲ?"

ಅಂಗಳದಲ್ಲಿದ್ದವರೆಲ್ಲ ನಮ್ಮ ಸುತ್ತ ನೆರೆದರು. ನಾನು ನೇತ್ರಾವತಿಯನ್ನು ನೋಡಿದೆ. ಅವಳು ಮೊದಲು ಅಕ್ಕತಂಗಿಯರ ಕಡೆ, ಆಮೇಲೆ ನನ್ನ ಕಡೆ ನೋಡಿ, ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ಹೌದು ಯವ್ವಾ. ಯಾರ ಮುಂದೂ ಹೇಳಬ್ಯಾಡ ಅಂತ ಇವರು ಆಣಿ ಹಾಕಿದ್ರು."

ನಾಲ್ಕು ಜನ ನನ್ನನ್ನು ಎತ್ತಿ ಹೊರಸಿನ ಮೇಲೆ ಮಲಗಿಸಿ ಕಂಬಳಿ ಹೊದಿಸಿದರು. ಕಣ್ಣೆದುರಿಗೇ ಹೋಳಿಗೆಯ ಬುಟ್ಟಿ ಹೋಯಿತು, ತುಪ್ಪದ ಗಿಂಡಿ ಹೋಯಿತು. ನನಗೆ ಉಪ್ಪಿಲ್ಲದ ಗಂಜಿ. "ಡಾಕ್ಟರು ತುಪ್ಪ ಮುಟ್ಟಬ್ಯಾಡ ಅಂದಾರ," ಎಂದು ನೇತ್ರಾವತಿ ತಾನೇ ಕುಡಿಸಿದಳು. ನನಗೇನೂ ಆಗಿಲ್ಲವೆಂದು ಕೂಗಲು ಬಾಯಿ ತೆರೆದೆ. ಹಾಗಾದರೆ ಎದೆ ಯಾಕೆ ಬೋಳಾಯಿತೆಂದು ಇನ್ನೂರು ಜನ ಕೇಳುತ್ತಾರಲ್ಲ! ತೆರೆದ ಬಾಯಿಗೆ ಗಂಜಿ ಬಿತ್ತು.

ಒಂದು ತಿಂಗಳಿಗೆ ಕೂದಲೆಲ್ಲ ಮೊದಲಿನಂತೆ ಬೆಳೆಯಿತು. ಕುಷ್ಟಗಿಗೆ ಬಂದ ಅತ್ತೆಗೆ ಎದೆ ತೋರಿಸಿ, ಆಪರೇಷನ್ ಬೇಡವೆಂದರು ಎಂದೆ. ಮುದುಕಿ ಆನಂದದಿಂದ ಎರಡೂ ಕೈ ಎತ್ತಿ ಮುಗಿದರು.

"ಹುಲಿಗೆಮ್ಮ ಕಣ್ಣು ತೆರದ್ಲು! ಅಳಿಯಂದ್ರು ಆರಾಮಾದ್ರ ತಲಿಕೂದಲ ಕೊಡಸ್ತೀನಿ ಅಂತ ಬೇಡ್ಕೊಂಡಿದ್ದೆ."

"ಯಾರ ತಲಿದ್ರಿ?" ಎಂದೆ.

"ನಿಮ್ದರೆಪಾ, ಮತ್ತ್ಯಾರದು?"

ನೇತ್ರಾವತಿ ಆಗಲೇ ನನ್ನ ಬಾಚಣಿಗೆಯನ್ನು ಒಯ್ದು ಅಟ್ಟದ ಮೇಲೆ ಇಡುತ್ತಿದ್ದಳು.