ಒಂದೇ ಒಂದು ಬೆರಳು

ನೆಲಕ್ಕೆ ಗಡಿ ಎಳೆದು ಮುಗಿಸಿದವರು ಮೋಡಕ್ಕೂ ಎಳೆಯಲು ಏಣಿ ಹುಡುಕುತ್ತಿದ್ದ ಕಾಲದಲ್ಲಿ, ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವ ಅವನಿಗೆ ಆಗಲಿಯಪ್ಪ ಎಂದೇ ಹೆಸರು ಬಿದ್ದಿತ್ತು. ಹೆಂಡತಿ ಊಟದ ಮೇಜು ಕೇಳಿದಾಗಲೂ ಹಾಗೇ ಅಂದಿದ್ದ. ಅಂದು ವರ್ಷಗಳೇ ಆಗಿದ್ದವು.

ಆ ಬೆಳಿಗ್ಗೆ ಅವಳು ಸೌಟು ಎತ್ತಿದಳು. “ಇವತ್ತು ಮೇಜು ಬಂದ್ರೆ ನೀವೂ ಬನ್ನಿ. ಇಲ್ಲಾಂದ್ರೆ ಅಂಗಡೀಲೇ ಮಲ್ಕೊಳ್ಳಿ, ಮರದ ಹೊಟ್ಟಿನ ಮೇಲೆ!”

ಅಂದೇ ಊರಿನ ಸಭಾಭವನದಲ್ಲಿ ಐದು ದೊಡ್ಡ ದೇಶಗಳ ದೊರೆಗಳು ಸೇರುವವರಿದ್ದರು, ಲೋಕದಲ್ಲಿ ಯಾರ ಮಾತು ಎಷ್ಟು ನಡೆಯಬೇಕೆಂದು ತೀರ್ಮಾನಿಸಲು. ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಆಗಲಿಯಪ್ಪ ಹುಣ್ಣಿಮೆಯಂಥ ದುಂಡು ಮೇಜು, ಒಂದೇ ಎತ್ತರದ ಐದು ಕುರ್ಚಿ ಮಾಡಿಟ್ಟಿದ್ದ. “ಉಳಿದ ಮರ ನಿಂದೇ ಕಣಪ್ಪ,” ಎಂದಿದ್ದ ಭವನದ ಮೇಲ್ವಿಚಾರಕ. ಆ ರಾಶಿಯೊಳಗೆ ಹೆಂಡತಿಯ ಮೇಜು ಮಗುವಿನಂತೆ ಮಲಗಿರುವುದು ಆಗಲಿಯಪ್ಪನಿಗೆ ಆಗಲೇ ಕಾಣುತ್ತಿತ್ತು.

ಮೊದಲನೆಯ ದೊರೆಯ ಕಾರ್ಯದರ್ಶಿ ಬಂದ. ಜೇಬಿನಿಂದ ದಾರ ತೆಗೆದು ಕುರ್ಚಿಗಳನ್ನು ಅಳೆದ. “ನಮ್ಮದು ಒಂದೇ ಒಂದು ಬೆರಳು ಎತ್ತರ ಇರ್ಲಿ. ಯಾರಿಗೂ ಹೇಳ್ಬೇಡ.”

“ಆಗ್ಲಿ ಸಾರ್.” ರಾಶಿಯಿಂದ ತುಂಡು ಬಂತು, ಕಾಲಿಗೆ ಕೂತಿತು.

ಅವನು ಚಹಾಕ್ಕೆ ಹೋದದ್ದೇ ತಡ, ಎರಡನೆಯವನ ದಾರ ಹೊರಬಿತ್ತು. “ಏನಯ್ಯಾ, ಅವರ ಕುರ್ಚಿ ಬೆಳೆದಿದೆ! ನಮಗೆ ಎರಡು ಬೆರಳು ಹಾಕು.”

“ಆಗ್ಲಿ ಸಾರ್.”

ಮೂರನೆಯವನು ನಕ್ಕು ಕೇಳಿದ, ನಾಲ್ಕನೆಯವನು ಗದರಿಸಿ ಕೇಳಿದ, ಐದನೆಯವನು ಗೋಗರೆದ. ಅಷ್ಟರಲ್ಲಿ ಮೊದಲನೆಯವನು ಚಹಾ ಮುಗಿಸಿ ಬಂದ! ಮಧ್ಯಾಹ್ನಕ್ಕೆ ಕುರ್ಚಿಗಳು ಕೊಕ್ಕರೆಗಳಂತೆ ನಿಂತು ಕಿಟಕಿಯಾಚೆಯ ಮೋಡ ನೋಡುತ್ತಿದ್ದವು. ಇತ್ತ ರಾಶಿ ಕರಗುತ್ತ, ಹೆಂಡತಿಯ ಮೇಜು ಮಣೆಯಾಗಿ, ಸೌಟಾಗಿ, ಕೊನೆಗೆ ಹಲ್ಲುಕಡ್ಡಿಯಾಗಿತ್ತು.

ದೊರೆಗಳು ಬಂದರು. ಏಣಿ ತರಿಸೋಣವೆಂದರೆ ಮೊದಲು ಹತ್ತುವವರು ಯಾರು? ಹೇಗೋ ಹತ್ತಿ ಕೂತವರಿಗೆ ಮೇಜು ಬಾವಿಯ ತಳದ ನೀರಿನಂತೆ ಕಂಡಿತು. ಅಂದು ಐವರೂ ಒಮ್ಮತದಿಂದ ಹೇಳಿದ್ದು ಒಂದೇ ಮಾತು: “ಇದನ್ನೆಲ್ಲ ಹೊರಗೆ ಹಾಕಿ!” ಸಭೆ ತೋಟದ ಹುಲ್ಲಿನ ಮೇಲೆ ಎಂದಾಯಿತು. ಕಾರ್ಯದರ್ಶಿಗಳು ಹುಲ್ಲು ಅಳೆಯಲು ಓಡಿದರು.

“ತಗೊಂಡು ಹೋಗಪ್ಪಾ. ಮತ್ತೆ ನನ್ನ ಕಣ್ಣಿಗೆ ಬೀಳ್ಬಾರ್ದು,” ಎಂದ ಮೇಲ್ವಿಚಾರಕ, ಹಣೆ ಒತ್ತಿಕೊಂಡು.

ಹುಣ್ಣಿಮೆಯನ್ನೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಂತೆ ಆಗಲಿಯಪ್ಪ ಮನೆ ಸೇರಿದ. ಕುರ್ಚಿಗಳ ಕಾಲನ್ನು ಸಮನಾಗಿ ಕೊಯ್ದ. ಅಮ್ಮ, ಅತ್ತೆ, ಅಕ್ಕ, ಚಿಕ್ಕಮ್ಮ, ಹೆಂಡತಿ ಸುತ್ತ ಕೂತರು. ಹೆಂಡತಿ ನಕ್ಕಳು. ಕೊಟ್ಟ ಮಾತು ಕೊನೆಗೂ ನಡೆದಿತ್ತು.

ಅವನು ನೀರು ಕುಡಿಯಲು ಅಡುಗೆಮನೆಗೆ ಹೋದ. ಹಿಂದೆಯೇ ಅಮ್ಮ ಬಂದಳು, ಕೈಯಲ್ಲಿ ಹೊಲಿಗೆಯ ದಾರ. “ಮಗಾ, ನಿಮ್ಮತ್ತೆಗೆ ಹೇಳ್ಬೇಡ. ನನ್ನ ಕುರ್ಚಿ ಒಂದೇ ಒಂದು ಬೆರಳು...”

“ಅಳಿಯಂದ್ರೇ,” ಬಾಗಿಲಾಚೆಯಿಂದ ಅತ್ತೆಯ ಪಿಸುದನಿ, “ನಿಮ್ಮಮ್ಮ ಹೋದ್ಮೇಲೆ ಒಂದ್ನಿಮಿಷ...”

ಅವರ ಬೆನ್ನಿಗೆ ಇನ್ನೂ ಮೂರು ನೆರಳು. ಕಟ್ಟಕಡೆಯ ನೆರಳಿನ ಒಂದು ಕೈಯಲ್ಲಿ ದಾರ, ಇನ್ನೊಂದರಲ್ಲಿ ಸೌಟು.

“ಆಗ್ಲಿ,” ಎಂದ ಆಗಲಿಯಪ್ಪ. ಮರ ತರುತ್ತೇನೆಂದು ಅಂಗಡಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿ, ಹೊಟ್ಟಿನ ಮೇಲೆ ಮಲಗಿಬಿಟ್ಟ.